ಬಿದ್ರಿ ಸಾಮಾನಿಗೆ ಹುಣಸಿಹುಳಿ ಹಚ್ಚಬ್ಯಾಡ್ರಿ

ದಸರಾ, ದೀಪಾವಳಿ ಬಂತಂದ್ರ ಬೀದರ, ಕಲಬುರಗಿ ಕಡೆ ಮನಿ ಮನ್ಯಾಗ ಸಾಮಾನು ಬೆಳಗೋ ಕೆಲಸ ಸುರು. ತಾಮ್ರದ ಕೊಡ, ಹಿತ್ತಾಳಿ ಸಮೆ, ಬೆಳ್ಳಿ ಆರತಿ ತಟ್ಟಿ ಎಲ್ಲಾ ಒಂದೇ ಬುಟ್ಟಿಗೆ ಹಾಕಿ ಹುಣಸಿಹುಳಿ, ಪೀತಾಂಬರಿ ಹಚ್ಚಿ ತಿಕ್ತಾರ. ಶೋಕೇಸಿನಾಗಿನ ಬಿದ್ರಿ ಹೂದಾನಿನೂ, ಅಂದ್ರ ಕಪ್ಪು ಲೋಹದಾಗ ಬೆಳ್ಳಿ ತಂತಿ ಕೂಡಿಸಿದ ಬೀದರದ ಕುಸುರಿ ಸಾಮಾನು, ಅದೇ ಬುಟ್ಟಿಗೆ ಬೀಳ್ತದ. ಅಲ್ಲೇ ಕೆಡೋದು.

ಹಿತ್ತಾಳಿಗೆ ಹುಳಿ ಒಳ್ಳೇದೇ, ಮ್ಯಾಲಿನ ಕಿಲುಬು ಹೋಗಿ ಹೊಳಪು ಬರ್ತದ. ಆದ್ರ ಬಿದ್ರಿ ಮೈಯಿ ಸತುವಿಂದು. ರೂಢಿ ಲೆಕ್ಕದಾಗ 16 ಪಾಲು ಸತುವಿಗೆ 1 ಪಾಲು ತಾಮ್ರ. ಎರಕ ಹೊಯ್ದಾಗ ಅದು ಬೂದಿ ಬಣ್ಣದಾಗೇ ಇರ್ತದ. ಚಿತ್ರ ಕೆತ್ತಾಕ ಗೆರಿ ಕಾಣಲಿ ಅಂತ ಮೊದಲು ಮೈಲುತುತ್ತದ ನೀರು ಹಚ್ಚಿ ತಾತ್ಪೂರ್ತಿಕ ಕಪ್ಪು ಮಾಡ್ತಾರ, ಉಳಿಯಿಂದ ಕೊರೀತಾರ, ಗೆರಿಯೊಳಗ ಬೆಳ್ಳಿ ತಂತಿ ಬಡಿದು ಕೂಡಸ್ತಾರ. ಆಮ್ಯಾಲ ಉಜ್ಜಿ ಸಮ ಮಾಡಿದ್ರ ಬೆಳ್ಳಿ ಯಾವುದು, ಸತು ಯಾವುದು ಅಂತ ಗೊತ್ತಾಗಂಗಿಲ್ಲ. ಕಡೀಕ ಬೀದರ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್ ಉಪ್ಪು) ಕಲಸಿದ ನೀರು ಬಿಸಿ ಮೈಗೆ ತಾಗಿದಾಗ ಸತು ಮಾತ್ರ ಗಾಢ ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ಅಂದ್ರ ಆ ಕಪ್ಪು ಬಳದ ಬಣ್ಣ ಅಲ್ಲ, ಕೊಳಿನೂ ಅಲ್ಲ. ಲೋಹದ ಮೈಮ್ಯಾಲೇ ಹುಟ್ಟಿದ ತೆಳು ಪದರ. ಹುಳಿ, ಲಿಂಬಿ, ವಿನಿಗರ್ ಯಾವುದು ಬಿದ್ದರೂ ಅದನ್ನ ತಿಂದುಬಿಡ್ತದ. ಮೊದಲು ಮಾಸಲು ಕಲೆ, ಆಮ್ಯಾಲ ಬಿಳಿ ಪುಡಿ, ಕಡೀಕ ತಂತಿ ಅಂಚು ಸಡಿಲ.

ಬೆಳ್ಳಿ ಸಾಮಾನಿನ ಡಿಪ್ ದ್ರಾವಣದಾಗೂ ಮುಳಗಿಸಬ್ಯಾಡ್ರಿ. ಟೂತ್‌ಪೇಸ್ಟ್, ಸ್ಕ್ರಬ್ಬರು, ಬೂದಿ ಇವು ಕಪ್ಪನ್ನ ಗೀರ್ತಾವ.

ಹಂಗಾದ್ರ ಏನು ಮಾಡ್ಬೇಕು? ಮೊದಲು ಒಣ ಮೆತ್ತನ ಬ್ರಶ್‌ನಿಂದ ಕೊರೆದ ಗೆರಿಯೊಳಗಿನ ಧೂಳು ತಗೀರಿ. ಹಳೇ ಮಲ್ಮಲ್ ಬಟ್ಟಿಗೆ ಎರಡು-ಮೂರು ಹನಿ ಕೊಬ್ಬರಿ ಎಣ್ಣಿ ಹಾಕಿ ಹಗುರಾಗಿ ಒರಸ್ರಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಒಣ ಬಟ್ಟಿಲೆ ಪೂರ್ತಿ ತಗೀರಿ. ಬಟ್ಟಿಗೆ ಎಣ್ಣಿ ಹತ್ತೋದು ನಿಲ್ಲೋತನಕ ಒರಸ್ಬೇಕು. ಜಾಸ್ತಿ ಎಣ್ಣಿ ಉಳದ್ರ ಧೂಳು ಅಂಟಿ ಗೆರಿಯೊಳಗ ಜಿಡ್ಡುಗಟ್ತದ, ಅದನ್ನ ತಗಿಯೋದು ಧೂಳಿಗಿಂತ ಕಷ್ಟ.

ಹೂದಾನ್ಯಾಗ ನೇರ ನೀರು ಹಾಕಬ್ಯಾಡ್ರಿ, ಒಳಗ ಗಾಜಿಂದೋ ಪ್ಲಾಸ್ಟಿಕಿಂದೋ ಕೊಳವಿ ಇಡ್ರಿ. ನೀರು ನಿಂತಲ್ಲಿ ಸತು ಬಿಳಿ ಬೂಷ್ಟಿನಂಗ ಪುಡಿ ಬಿಡ್ತದ. ಎತ್ತಿಡುವಾಗ ಹತ್ತಿ ಬಟ್ಟ್ಯಾಗ ಸುತ್ರಿ, ರಬ್ಬರ್ ಬ್ಯಾಂಡ್ ಬ್ಯಾಡ. ರಬ್ಬರಿನಾಗಿನ ಗಂಧಕ ಬೆಳ್ಳಿಯನ್ನ ಕಪ್ಪು ಮಾಡ್ತದ. ಕೈಜಾರಿ ಬಿದ್ರ ಈ ಲೋಹ ಬಾಗಂಗಿಲ್ಲ, ಸೀಳ್ತದ.

ಈಗಾಗಲೇ ಕಪ್ಪು ಹೋಗಿದ್ರ ಮನ್ಯಾಗ ನವಸಾಗರ ಕುದಿಸಾಕ ಹೋಗಬ್ಯಾಡ್ರಿ. ಮಣ್ಣು ಬ್ಯಾರೆ, ಶಾಖ ಬ್ಯಾರೆ, ಬಣ್ಣ ತೇಪಿ ತೇಪಿ ಕೂಡ್ತದ. ಬೀದರದ ಹಳೇ ಊರಾಗಿನ ಕುಶಲಕರ್ಮಿ ಕಡೆ ಒಯ್ದ್ರ ಉಜ್ಜಿ ಮತ್ತ ಕಪ್ಪು ಕೊಡ್ತಾರ.

ಬೀದರದ ಬಿದ್ರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಾಗ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮಿ ಪಟ್ಟೀವಿ. ಬಿದ್ರಿ ಮಾರೋ ಅಂಗಡಿಯವ್ರು ಡಬ್ಬಿಯೊಳಗ ಒಂದು ಚೀಟಿ ಹಾಕ್ಬೇಕು, ಕನ್ನಡದಾಗ, ಉರ್ದುದಾಗ: ಹುಳಿ ಬ್ಯಾಡ, ನೆನಸಬ್ಯಾಡ್ರಿ, ಎಣ್ಣಿ ಎರಡು ಹನಿ. ಕೊಳ್ಳೋರು ಸುದ್ದಾ ಕೇಳಿ ಇಸ್ಕೋಬೇಕು.