ಗಾಯಕರಿಗೆ ಶಾಲು ಉಂಟು, ರೆಕಾರ್ಡಿಂಗಿಗೆ?

ಕೆನಡಾದಲ್ಲಿ ಸಂಗೀತಕ್ಕೆ ಕೊಡುವ ಜೂನೊ ಪ್ರಶಸ್ತಿಗಳ ಪಟ್ಟಿಯನ್ನು ಬುಡದಿಂದ ಓದಿದರೆ ಸ್ವಾರಸ್ಯ. ವರ್ಷದ ರೆಕಾರ್ಡಿಂಗ್ ಎಂಜಿನಿಯರ್, ವರ್ಷದ ನಿರ್ಮಾಪಕ, ಆಲ್ಬಮ್ಮಿನ ಹೊದಿಕೆ ವಿನ್ಯಾಸ, ಎಲ್ಲಕ್ಕೂ ಬೇರೆ ಬೇರೆ ಪ್ರಶಸ್ತಿ. ನಮ್ಮಲ್ಲಿ ಸುಗಮ ಸಂಗೀತಕ್ಕೆಂದು ಸರ್ಕಾರ ಕೊಡುವ ಸಂತ ಶಿಶುನಾಳ ಶರೀಫ ಪ್ರಶಸ್ತಿ ಕಲಾವಿದರ ಒಟ್ಟು ಸಾಧನೆಗೆ. ಸಿನಿಮಾ ಹಾಡಾದರೆ ರಾಜ್ಯ ಚಲನಚಿತ್ರ ಪ್ರಶಸ್ತಿ ಇದೆ, ಆದರೆ 2019ರ ಚಿತ್ರಗಳ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ! ಆ ಹೊತ್ತಿಗೆ ಹಾಡನ್ನು ಹೊಸದಾಗಿ ಕೇಳುವವರು ಯಾರು? ಭಾವಗೀತೆ, ವಚನ, ಜನಪದ, ಕನ್ನಡ ರ‍್ಯಾಪ್ ಇವುಗಳಲ್ಲಿ ಈ ವರ್ಷ ಬಂದ ಒಳ್ಳೆಯ ರೆಕಾರ್ಡಿಂಗ್ ಯಾವುದು ಎಂದು ಹೇಳುವ ಸರ್ಕಾರಿ ವೇದಿಕೆಯಂತೂ ಕಾಣದು.

ಜೂನೊ ಹುಟ್ಟಿದ್ದೂ ಸರ್ಕಾರದಿಂದಲ್ಲ. 1970ರಲ್ಲಿ ಒಂದು ಸಂಗೀತ ವ್ಯಾಪಾರ ಪತ್ರಿಕೆ ಟೊರೊಂಟೊದಲ್ಲಿ ಬೇರೆ ಹೆಸರಿನಿಂದ ಶುರುಮಾಡಿತು. ಪ್ರಸಾರ ನಿಯಂತ್ರಣ ಮಂಡಳಿಯ ಅಧ್ಯಕ್ಷ ಪಿಯರ್ ಜುನೊ ಅವರ ಹೆಸರು ಆಮೇಲೆ ಬಂತು. ಅವರ ಮಂಡಳಿ 1971ರಿಂದ ಎಎಂ ರೇಡಿಯೊದಲ್ಲಿ ಶೇ. 30ರಷ್ಟು ಕೆನಡಾದ ಸಂಗೀತ ಇರಲೇಬೇಕೆಂದಿತು. ಪ್ರಶಸ್ತಿ ಒಂದು ಕಡೆ, ಪ್ರಸಾರದ ಪಾಲು ಇನ್ನೊಂದು ಕಡೆ. ಎರಡೂ ಕೂಡಿದ್ದರಿಂದಲೇ ಅಲ್ಲಿನ ರೆಕಾರ್ಡಿಂಗ್ ಉದ್ಯಮಕ್ಕೆ ಕಾಲು ಬಂತು ಎಂಬುದು ನನ್ನ ಅನಿಸಿಕೆ.

ಎಡವಟ್ಟುಗಳೂ ಆಗಿವೆ. ರಾಗ, ಕಲಾವಿದ, ರೆಕಾರ್ಡ್ ಮಾಡಿದ ಜಾಗ, ಸಾಹಿತ್ಯ: ಈ ನಾಲ್ಕರಲ್ಲಿ ಎರಡಾದರೂ ಕೆನಡಾದ್ದಾದರೆ ಹಾಡು ರೇಡಿಯೊ ಲೆಕ್ಕಕ್ಕೆ ಬರುತ್ತಿತ್ತು. ಕೆನಡಾದ ರಾಕ್ ಗಾಯಕ ಬ್ರಯಾನ್ ಆಡಮ್ಸ್ ವಿದೇಶಿ ನಿರ್ಮಾಪಕನೊಂದಿಗೆ ಜೊತೆಯಾಗಿ ಬರೆದಾಗ ರಾಗವೂ ಸಾಹಿತ್ಯವೂ ಅರ್ಧರ್ಧವಾಗಿ, ಎರಡಕ್ಕೂ ಅಂಕ ಸಿಗಲಿಲ್ಲ. 1992ರಲ್ಲಿ ಜೂನೊ ಅವರನ್ನು ವರ್ಷದ ಮನರಂಜಕ ಎಂದಿತು, ರೇಡಿಯೊ ನಿಯಮ ಅವರ ಹಾಡನ್ನು ಕೆನಡಾದ್ದಲ್ಲ ಎಂದಿತು. ಮರುವರ್ಷ ನಿಯಮವನ್ನೇ ತಿದ್ದಬೇಕಾಯಿತು. ಇನ್ನೊಂದು 1998ರದು. ರ‍್ಯಾಪ್ ಪ್ರಶಸ್ತಿಯನ್ನು ಟಿವಿಯಲ್ಲಿ ಬಾರದ ಭಾಗದಲ್ಲಿ ಕೊಟ್ಟರೆಂದು ರಾಸ್ಕಲ್ಸ್ ತಂಡ ಅದನ್ನು ನಿರಾಕರಿಸಿತು. ಮರುವರ್ಷ ಆ ವಿಭಾಗ ಮುಖ್ಯ ವೇದಿಕೆಗೆ ಬಂತು. ಇಂದಿಗೂ ಬಹುಪಾಲು ಪ್ರಶಸ್ತಿಗಳು ಹಿಂದಿನ ದಿನವೇ ಮುಗಿದಿರುತ್ತವೆ.

ಕನ್ನಡಕ್ಕೆ ಇಂಥದ್ದೊಂದು ಬೇಕಾದರೆ ವೇದಿಕೆ, ಹಾರ, ತುರಾಯಿಗಿಂತ ಮೊದಲು ಅರ್ಜಿ ನಮೂನೆ ಸರಿಯಾಗಬೇಕು. ಜೂನೊಗೆ ಶುಲ್ಕ ಕಟ್ಟಿ ರೆಕಾರ್ಡಿಂಗನ್ನು ಸಲ್ಲಿಸಬೇಕು. ನಮ್ಮಲ್ಲಿ ಶಿಫಾರಸು ನಡೆಯುತ್ತದೆ. ಬಿಡುಗಡೆಯ ದಿನಾಂಕಕ್ಕೆ ಆರಂಭ, ಕೊನೆ ಎರಡೂ ಗೊತ್ತುಮಾಡಬೇಕು. ಪ್ರತಿ ಹಾಡಿಗೂ ಐಎಸ್ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕಿಯ ಗುರುತು ಕೇಳಬೇಕು. ಕವಿ, ರಾಗ ಹಾಕಿದವರು, ವಾದ್ಯ ಸಂಯೋಜಕರು, ತಬಲ, ಕೊಳಲು, ಮಿಕ್ಸಿಂಗ್ ಮಾಡಿದವರ ಹೆಸರಿಲ್ಲದಿದ್ದರೆ ಅರ್ಜಿಯನ್ನು ವಾಪಸು ಕಳಿಸಬೇಕು. ಸ್ಟ್ರೀಮಿಂಗ್ ಆ್ಯಪಿನಲ್ಲಿ ಕನ್ನಡ ಭಾವಗೀತೆ ತೆರೆದು ನೋಡಿ, ಎಷ್ಟೋ ಕಡೆ ಕವಿಯ ಹೆಸರೇ ಇರುವುದಿಲ್ಲ. ಈ ಒಂದು ಷರತ್ತಿನಿಂದಲೇ ಅರ್ಧ ಕೆಲಸ ಆದೀತು. ಕೇಳುಗರ ಎಣಿಕೆಯನ್ನು ಒಂದೆರಡು ವಿಭಾಗಕ್ಕಷ್ಟೇ ಇಟ್ಟು, ಉಳಿದವನ್ನು ಆಯಾ ಪ್ರಕಾರ ಬಲ್ಲವರ ಕಿವಿಗೆ ಬಿಡಬೇಕು. ಇಲ್ಲವಾದರೆ ಸಿನಿಮಾ ಹಾಡೇ ಎಲ್ಲವನ್ನೂ ಬಾಚಿಕೊಳ್ಳುತ್ತದೆ.

2025ರಲ್ಲಿ ಜೂನೊ ದಕ್ಷಿಣ ಏಷ್ಯಾದ ಸಂಗೀತಕ್ಕೆ ಬೇರೆ ವಿಭಾಗ ತೆರೆಯಿತು. ಸದ್ಯಕ್ಕೆ ಅಲ್ಲಿ ಪಂಜಾಬಿಯದೇ ದರ್ಬಾರು. ಕೆನಡಾದಲ್ಲಿ ನೆಲೆಸಿ ಕನ್ನಡದಲ್ಲಿ ಹಾಡುವವರು ತಮ್ಮ ರೆಕಾರ್ಡಿಂಗ್ ಕಾಗದಪತ್ರ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು.