ಮ್ಯಾಡನ್ 25 ಹಳೆಯ ಆಟವಲ್ಲ, ಹೆಸರು ಮಾತ್ರ ಅದೇ

ಮ್ಯಾಡನ್ ಅಂದರೆ ಇಎ ಕಂಪನಿಯ ಅಮೆರಿಕನ್ ಫುಟ್‌ಬಾಲ್ ವಿಡಿಯೊ ಗೇಮ್ ಸರಣಿ; ಎನ್‌ಎಫ್‌ಎಲ್ ಅಂದರೆ ಆ ಆಟದ ಅಮೆರಿಕದ ವೃತ್ತಿಪರ ಲೀಗ್. '2024ರ ಮ್ಯಾಡನ್ ಎನ್‌ಎಫ್‌ಎಲ್ 25 ಅಂದರೆ 2013ರ ಆಟವೇ, ಸುಮ್ನೆ ಆಟಗಾರರ ಪಟ್ಟಿ ಬದಲಿಸಿ ಮತ್ತೆ ಮಾರುತ್ತಿದ್ದಾರೆ' ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಗೊಂದಲ ಹೆಸರಿನದು. 2013ರ ಆಟದ ಹೆಸರೂ ಮ್ಯಾಡನ್ 25; ಆಗ ಸರಣಿಗೆ 25 ವರ್ಷ ತುಂಬಿತೆಂದು ಆ ಸಂಖ್ಯೆ ಇಟ್ಟರು. ಮುಖಪುಟದಲ್ಲಿ ಹಿಂದಿನ ಫುಟ್‌ಬಾಲ್ ತಾರೆ ಬ್ಯಾರಿ ಸ್ಯಾಂಡರ್ಸ್ ಇದ್ದರು. 2024ರ ಆಟದ ಮುಖಪುಟದಲ್ಲಿರುವುದು ಆಟಗಾರ ಕ್ರಿಶ್ಚಿಯನ್ ಮೆಕ್ಯಾಫ್ರಿ. ಇಲ್ಲಿ 25 ಎಂದರೆ 2025ರ ಲೆಕ್ಕ.

ಒಳಗೂ ನಿಜವಾದ ಬದಲಾವಣೆ ಇದೆ. ಟ್ಯಾಕಲ್ ಮಾಡುವಾಗ (ಚೆಂಡು ಹಿಡಿದವನನ್ನು ಕೆಡವುವಾಗ) ಆಟಗಾರನ ತೂಕ, ವೇಗ, ಶಕ್ತಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2024ರಲ್ಲಿ ಎನ್‌ಎಫ್‌ಎಲ್ ತಂದ ಹೊಸ ಕಿಕ್‌ಆಫ್ (ಆಟ ಶುರುಮಾಡುವ ಒದೆತ) ನಿಯಮವೂ ಸೇರಿದೆ: ಚೆಂಡು ಒದೆಯುವವನನ್ನು ಬಿಟ್ಟು ಅವನ ತಂಡದ ಉಳಿದ 10 ಮಂದಿ ಎದುರಾಳಿಯ 40 ಗಜದ ಗೆರೆಯಲ್ಲಿ ನಿಲ್ಲುತ್ತಾರೆ. ವೀಕ್ಷಕ ವಿವರಣೆಗೆ ಒಂದರ ಬದಲು ಮೂರು ಜೋಡಿ ಬಂದಿವೆ. ನನಗೆ ಇದು ತುಂಬಾ ಹಿಡಿಸಿತು.

ಹಾಗಂತ ದೂರುಗಳೆಲ್ಲ ಸುಳ್ಳಲ್ಲ. ಆಟಗಾರರ ಕಾರ್ಡ್ ಕೂಡಿಸಿ ತಂಡ ಕಟ್ಟುವ ಅಲ್ಟಿಮೇಟ್ ಟೀಮ್ ವಿಭಾಗದಲ್ಲಿ ದುಡ್ಡು ಸುರಿದವರಿಗೆ ಅನುಕೂಲ ಜಾಸ್ತಿ. ಪೂರ್ಣ ಬೆಲೆ ಕೊಟ್ಟು ಕೊಂಡವರಿಗೆ ಇದು ಅನ್ಯಾಯ ಅಲ್ವಾ? ಎನ್‌ಎಫ್‌ಎಲ್‌ನ ನೈಜ ಶೈಲಿಯ ಆಟಕ್ಕೆ ಇಎ ಒಂದಕ್ಕೇ ಪರವಾನಗಿ ಇರುವುದರಿಂದ ಬೇರೆ ಆಯ್ಕೆಯೂ ಇಲ್ಲ.