ಆ ಹಳೇ ಕ್ಯಾಸೆಟ್ ಒಮ್ಮೆ ಕೇಳಿ

ಅಮೆರಿಕದ ‘ದೇ ಮೈಟ್ ಬಿ ಜೈಂಟ್ಸ್’ ಬ್ಯಾಂಡ್ ಇಷ್ಟಪಡುವವರಿಗೆಲ್ಲ ನನ್ನದೊಂದು ಒತ್ತಾಯ. 1986ರ ಮೊದಲ ಆಲ್ಬಮ್ ಕೇಳಿ ಅಲ್ಲಿಗೇ ನಿಲ್ಲಿಸಬೇಡಿ. ಅದಕ್ಕೂ ಒಂದು ವರ್ಷ ಮುಂಚಿನ ಡೆಮೊ ಟೇಪ್, ಅಂದರೆ ಆಲ್ಬಮ್‌ಗೆ ಮೊದಲು ಮಾಡಿದ ಮಾದರಿ ಕ್ಯಾಸೆಟ್, ಹುಡುಕಿ ಕೇಳಿ. ನನಗಂತೂ ಆಲ್ಬಮ್‌ಗಿಂತ ಅದೇ ಜಾಸ್ತಿ ಇಷ್ಟ.

ಬ್ಯಾಂಡ್ ಅಂದರೆ ಆಗ ಇಬ್ಬರೇ. ಜಾನ್ ಫ್ಲಾನ್ಸ್‌ಬರ್ಗ್ ಗಿಟಾರ್, ಜಾನ್ ಲಿನೆಲ್ ಅಕಾರ್ಡಿಯನ್. ಡ್ರಮ್ಸ್‌ಗೆ ಒಂದು ಮಷೀನ್. ಇಬ್ಬರೂ ಇದ್ದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಲಿನೆಲ್ ಸೈಕಲ್‌ನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅದೇ ಹೊತ್ತಿಗೆ ಫ್ಲಾನ್ಸ್‌ಬರ್ಗ್ ಮನೆಗೆ ಕಳ್ಳರು ನುಗ್ಗಿದರು. ವೇದಿಕೆ ಹತ್ತುವಂತಿರಲಿಲ್ಲ. ಆಗ ಮನೆಯ ಅನ್ಸರಿಂಗ್ ಮಷೀನ್‌ಗೇ, ಅಂದರೆ ಫೋನ್ ಬಂದಾಗ ರೆಕಾರ್ಡ್ ಆದ ದನಿ ಕೇಳಿಸುವ ಯಂತ್ರಕ್ಕೇ, ಹಾಡು ತುಂಬಿದರು. ಆ ಫೋನ್ ನಂಬರ್ ಕೊಟ್ಟು ಪತ್ರಿಕೆಯಲ್ಲಿ ಜಾಹೀರಾತು ಹಾಕಿದರು. ‘ಡಯಲ್ ಎ ಸಾಂಗ್’ ಹುಟ್ಟಿದ್ದು ಹೀಗೆ. ಇದ್ದದ್ದು ಒಂದೇ ಲೈನ್. ಒಬ್ಬರು ಕೇಳುತ್ತಿದ್ದರೆ ಉಳಿದವರಿಗೆಲ್ಲ ಎಂಗೇಜ್!

ಫೋನಿನಲ್ಲಿ ಬೇಸ್, ಅಂದರೆ ತಗ್ಗಿನ ಗಡಸು ದನಿ, ಅಷ್ಟಾಗಿ ಕೇಳಿಸುವುದೇ ಇಲ್ಲ. ಮಾತು ಮಾತ್ರ ಚೆನ್ನಾಗಿ ದಾಟುತ್ತದೆ. ಆ ಕಾಲದ ಇವರ ಹಾಡುಗಳಲ್ಲಿ ಒಂದೊಂದು ಪದವೂ ಅಷ್ಟು ಬಿಡಿಬಿಡಿಯಾಗಿ ಕೇಳುವುದಕ್ಕೆ ಇದೂ ಕಾರಣ ಇರಬೇಕು ಅಂತ ನನ್ನ ನಂಬಿಕೆ. ಡೆಮೊ ಟೇಪ್‌ನಲ್ಲೂ ಆ ಗುಣ ಇದೆ. ಯಾರೋ ಪಕ್ಕದಲ್ಲೇ ಕೂತು, ಮುಖದಲ್ಲಿ ಒಂಚೂರೂ ನಗು ತೋರಿಸದೆ, ವಿಚಿತ್ರವಾದ ಏನನ್ನೋ ಗಂಭೀರವಾಗಿ ಹೇಳಿದ ಹಾಗೆ. ಹಿಂದೆ ಡ್ರಮ್ ಮಷೀನ್ ಟಕ್ ಟಕ್ ಅಂತ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ‘ಈಗ ನಗಿ’ ಅಂತ ಅದು ಸೂಚನೆ ಕೊಡುವುದಿಲ್ಲ. ತಮಾಷೆ ಹಾಡಿಗೆ ಬೇಕಾದದ್ದು ಇದೇ ಅಲ್ವಾ? ಸ್ಟುಡಿಯೋದಲ್ಲಿ ನುಣುಪು ಮಾಡುತ್ತಾ ಹೋದಂತೆ ಆ ನೇರ ದನಿ ಸ್ವಲ್ಪ ದೂರ ಸರಿಯುತ್ತದೆ.

ಅಂದಹಾಗೆ, ಇವರನ್ನು ಸುಮ್ನೆ ‘ಕಾಮಿಡಿ ಬ್ಯಾಂಡ್’ ಅಂದುಬಿಟ್ಟರೆ ನನಗೆ ಬೇಜಾರಾಗುತ್ತದೆ. ನಗಿಸುವ ಆ ಸಾಲುಗಳ ಕೆಳಗೇ ಸಾವು ಇದೆ, ಒಂಟಿತನ ಇದೆ. ಮನೆ ರೆಕಾರ್ಡಿಂಗ್‌ನಲ್ಲಿ ಅದು ಇನ್ನೂ ಹತ್ತಿರದಿಂದ ತಟ್ಟುತ್ತದೆ.

‘ಪೀಪಲ್’ ಪತ್ರಿಕೆ ಈ ಕ್ಯಾಸೆಟ್‌ಗೆ ವಿಮರ್ಶೆ ಬರೆಯಿತು. ರೆಕಾರ್ಡ್ ಕಂಪನಿಯೇ ಇಲ್ಲದ ಇಬ್ಬರ ಟೇಪ್‌ಗೆ ಅಷ್ಟು ದೊಡ್ಡ ಪತ್ರಿಕೆಯಲ್ಲಿ ಜಾಗ! ಅದಾದ ಮೇಲೆ ‘ಬಾರ್/ನನ್’ ಅನ್ನುವ ಪುಟ್ಟ ಕಂಪನಿ ಇವರನ್ನು ಸೇರಿಸಿಕೊಂಡಿತು. ಆಲ್ಬಮ್ ಬಂತು. ಮುಂದೆ ಗ್ರ್ಯಾಮಿಯೂ ಬಂತು.

ಟೇಪ್ ಸಿಕ್ಕರೆ ದೊಡ್ಡ ಸ್ಪೀಕರ್ ಬೇಡ. ಮೊಬೈಲನ್ನು ಕರೆ ಬಂದಾಗ ಹಿಡಿಯುವ ಹಾಗೆ ಕಿವಿಗೆ ಹಿಡಿದು ಕೇಳಿ.